ಹಾಸನದಿಂದ ಒಂದೇ ದಿನದಲ್ಲಿ ವಂಡರ್‌ಲಾ: ಮೊದಲ ಸಲ ಹೋಗೋರು ಹೇಗೆ ಪ್ಲಾನ್ ಮಾಡ್ಬೇಕು?

ಸಾಲಗಾಮೆ ರಸ್ತೆ
ಎಲ್ಲರಿಗೂ ನಮಸ್ಕಾರ. ಬಿಡದಿ ಹತ್ತಿರದ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಮುಂದಿನ ತಿಂಗಳು ಮೊದಲ ಸಲ ಹೊರಟಿದ್ದೀವಿ. ಏಳು ಜನ: ನಾವಿಬ್ಬರು, ಅಕ್ಕ-ಭಾವ, 11 ವರ್ಷದ ಮಗ, ಅಕ್ಕನ ಆರು ವರ್ಷದ ಮಗಳು, 67 ವರ್ಷದ ಅಮ್ಮ. ಗಾಡಿ ಏಳು ಸೀಟಿನದು, ಸ್ವಂತದ್ದು. ಬೆಳಿಗ್ಗೆ ಹಾಸನ ಬಿಟ್ಟು ರಾತ್ರಿ ಮನೆಗೆ ವಾಪಸ್ ಬರೋ ಲೆಕ್ಕ.

ಕೇಳೋದು ಇಷ್ಟು. ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಹೊರಡಬೇಕು? ಡ್ರೈ ಗೇಮ್ಸ್ ಮೊದಲಾ, ವಾಟರ್ ಗೇಮ್ಸ್ ಮೊದಲಾ? ಸಾಲಲ್ಲಿ ಕಾಯೋದು ತಪ್ಪಿಸೋ ಫಾಸ್ಟ್‌ಟ್ರ್ಯಾಕ್ ಟಿಕೆಟ್‌ಗೆ ದುಡ್ಡು ಹಾಕಬೇಕಾ? ಅಮ್ಮ ಸುಮ್ಮನೆ ಬೆಂಚಿನ ಮೇಲೆ ಕೂತ್ಕೋಬೇಕಾಗುತ್ತಾ? 60ಕ್ಕೂ ಹೆಚ್ಚು ಆಟ ಇದೆಯಂತೆ, ಎಲ್ಲಾ ಆಡೋದು ಹೇಗೆ ಅಂತ ಮಗ ಈಗಲೇ ಪಟ್ಟಿ ಹಾಕ್ತಾ ಕೂತಿದಾನೆ.

ಗೇರು ಬದಲಿಸಿ
ಮೊದಲು ದಾರಿ. ಹಾಸನ, ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ಪೂರ್ತಿ ರಾಷ್ಟ್ರೀಯ ಹೆದ್ದಾರಿ 75. ಟೋಲ್ ಶಾಂತಿಗ್ರಾಮ, ಕಾರಬೈಲು, ದೊಡ್ಡಕರೇನಹಳ್ಳಿ, ಮೂರು ಕಡೆ ಬರುತ್ತೆ. ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಬೆಂಗಳೂರಿನ ಒಳಗೆ ಹೋಗಬೇಡಿ. ಮಾದಾವರದ ಹತ್ತಿರ ನೈಸ್ ರಸ್ತೆ ಹತ್ತಿ, ಮಾಗಡಿ ರಸ್ತೆ ಜಂಕ್ಷನ್ ಬಿಟ್ಟು, ಮೈಸೂರು ರಸ್ತೆಯಲ್ಲಿ ಇಳಿಯಿರಿ. ನೈಸ್‌ಗೆ ಬೇರೆ ಟೋಲ್. ಅದನ್ನ ಉಳಿಸೋಕೆ ಗೊರಗುಂಟೆಪಾಳ್ಯ ಕಡೆಯಿಂದ ಹೋದ್ರೆ ಬೆಳಗಿನ ಹೊತ್ತು ಒಂದು ಗಂಟೆ ಸಿಗ್ನಲ್‌ನಲ್ಲೇ ಹೋಗುತ್ತೆ.

ಮೈಸೂರು ರಸ್ತೆಗೆ ಬಂದ ಮೇಲೆ ಎಚ್ಚರ. ಎಕ್ಸ್‌ಪ್ರೆಸ್ ವೇ ಮುಖ್ಯ ಲೇನ್‌ನಲ್ಲಿ ಹೋಗ್ತಾ ಇದ್ರೆ ಪಾರ್ಕಿನ ತಿರುವಿಗೆ ನೇರವಾಗಿ ಇಳಿಯೋಕೆ ಆಗಲ್ಲ, ಬಿಡದಿ ಬೈಪಾಸ್ ಕಡೆ ಎಳ್ಕೊಂಡು ಹೋಗುತ್ತೆ. ಕುಂಬಳಗೋಡು ಬರೋ ಹೊತ್ತಿಗೆ ಸರ್ವಿಸ್ ರಸ್ತೆಯಲ್ಲಿ ಇರಿ. ಮ್ಯಾಪ್ ಹೇಳೋದನ್ನ ಕೇಳಿ ಕೊನೇ ಗಳಿಗೆಯಲ್ಲಿ ಲೇನ್ ಬದಲಿಸೋ ಜಾಗ ಅಲ್ಲ ಅದು.

ಹೊತ್ತು: ಹಾಸನ 5:15ಕ್ಕೆ ಬಿಡಿ. ಯಡಿಯೂರಿಗೆ ಏಳರ ಆಸುಪಾಸು, ನೆಲಮಂಗಲಕ್ಕೆ ಎಂಟೂಕಾಲು, ನಿಲ್ಲೋದು, ಕಾಫಿ ಕುಡಿಯೋದು ಸೇರಿ ಒಂಬತ್ತೂವರೆಗೆ ಬಿಡದಿ ಕಡೆ ಇರ್ತೀರಿ. ಗೇಟು 11ಕ್ಕೆ. ಆ ಒಂದೂವರೆ ಗಂಟೆ ದಂಡ ಅಂತ ಅಂದ್ಕೋಬೇಡಿ. ತಿಂಡಿ, ಶೌಚಾಲಯ, ಟಿಕೆಟ್ ಸಾಲು, ಬ್ಯಾಗ್ ತಪಾಸಣೆ ಎಲ್ಲಾ ಅದರಲ್ಲೇ ಮುಗೀಬೇಕು.

ಕಡೂರು ಕೊಬ್ಬರಿ
ಕುಣಿಗಲ್‌ನಿಂದ ಮಾಗಡಿ ಮೇಲೆ ಬಿಡದಿಗೆ ಹೋದ್ರೆ ಕಿಲೋಮೀಟರ್ ಕಡಿಮೆ ಅಲ್ವಾ? ನೈಸ್ ಟೋಲೂ ಇಲ್ಲ.

ಗೇರು ಬದಲಿಸಿ
ಕಿಲೋಮೀಟರ್ ಕಡಿಮೆ, ಹೊತ್ತು ಕಡಿಮೆ ಅಲ್ಲ. ತಿರುವು, ಹಂಪು, ಊರೊಳಗಿನ ದಾರಿ. ಹಿಂದಿನ ಸೀಟಲ್ಲಿ ಆರು ವರ್ಷದ ಮಗು ಇದೆ, ಪಾರ್ಕ್ ಸೇರೋ ಮೊದಲೇ ವಾಂತಿ ಶುರುವಾಗುತ್ತೆ. ವಾಪಸ್ ಬರುವಾಗ ರಾತ್ರಿಯಲ್ಲಂತೂ ಆ ದಾರಿ ಬೇಡವೇ ಬೇಡ.

ಮುಳ್ಳಯ್ಯನಗಿರಿ ಮಂಜು
ಚಿಕ್ಕಮಗಳೂರಿನವರೂ ಇದನ್ನ ಓದ್ತಾ ಇರ್ತಾರೆ, ಅವರಿಗೆ ಒಂದು ಮಾತು. ನಮಗೆ ಬೇಲೂರು ಮೇಲೆ ಹಾಸನಕ್ಕೇ ಒಂದೂವರೆ ಗಂಟೆ. ಒಂದೇ ದಿನದಲ್ಲಿ ಹೋಗಿ ಬರೋದಾದ್ರೆ ಬೆಳಗಿನ ಜಾವ ಮೂರೂವರೆಗೆ ಗಾಡಿ ತೆಗೀಬೇಕು, ಮತ್ತೆ ಮನೆ ಸೇರೋದು ಮಧ್ಯರಾತ್ರಿ. ಒಬ್ಬನೇ ಡ್ರೈವ್ ಮಾಡೋದಾದ್ರೆ ದಯವಿಟ್ಟು ಬೇಡ. ಹಿಂದಿನ ರಾತ್ರಿ ಬಿಡದಿ, ರಾಮನಗರ ಅಥವಾ ಕೆಂಗೇರಿಯಲ್ಲಿ ಉಳ್ಕೊಳ್ಳಿ. ಆಟ ಒಂದೇ ದಿನದ್ದಾಗಲಿ, ಪ್ರಯಾಣ ಒಂದೇ ದಿನದ್ದು ಆಗಬೇಕಿಲ್ಲ.

ಫಿಸಿಕ್ಸ್ ಮೇಷ್ಟ್ರು
ಪಟ್ಟಿ ಹಾಕ್ತಿರೋ ಹುಡುಗನಿಗೆ ಈ ಲೆಕ್ಕ ತೋರಿಸಿ. 11ರಿಂದ 6 ಅಂದ್ರೆ 420 ನಿಮಿಷ. ಊಟಕ್ಕೆ 40, ಲಾಕರ್ ತಗೊಂಡು ಬಟ್ಟೆ ಬದಲಿಸೋಕೆ 25, ನೀರಿಂದ ಎದ್ದು ಸ್ನಾನ ಮಾಡಿ ಮತ್ತೆ ಬದಲಿಸೋಕೆ 35. ಒಂದು ಆಟದಿಂದ ಇನ್ನೊಂದಕ್ಕೆ ನಡೆಯೋದು, ನೀರು ಕುಡಿಯೋದು, "ಅಪ್ಪ ಎಲ್ಲಿ" ಅಂತ ಹುಡುಕೋದು ಎಲ್ಲಾ ಸೇರಿ 60. ಉಳಿಯೋದು 260. ಒಂದು ಆಟಕ್ಕೆ ಸರಾಸರಿ 15 ನಿಮಿಷ ಸಾಲು ಅಂದ್ರೂ 17 ಆಟ. ಜಾಗ 82 ಎಕರೆ, ಅದನ್ನೂ ಮರೀಬೇಡಿ. 15 ಆಟ ಚೆನ್ನಾಗಿ ಆಡಿದ್ರೆ ಒಳ್ಳೇ ದಿನ. 60ರ ಪಟ್ಟಿ ಹಿಡ್ಕೊಂಡು ಹೋದ್ರೆ ಸಂಜೆ ಹೊತ್ತಿಗೆ ಎಲ್ಲರಿಗೂ ಜಗಳ.

ಪಟ್ಟಿ ಹೀಗಿರಲಿ: ಪ್ರತಿಯೊಬ್ಬರೂ "ಇದು ಆಡಲೇಬೇಕು" ಅನ್ನೋದನ್ನ ಎರಡೆರಡು ಬರೀರಿ. ಅಷ್ಟೇ. ಆ ಎರಡೆರಡು ಮೊದಲು ಮುಗೀಲಿ, ಮಿಕ್ಕಿದ್ದು ಸಾಲು ಎಲ್ಲಿ ಚಿಕ್ಕದಿದೆಯೋ ಅಲ್ಲಿ.

ಕಾಫಿ ಹೂವು
ಎಲ್ಲಕ್ಕಿಂತ ಮೊದಲು ಮಕ್ಕಳ ಎತ್ತರ ಅಳೀರಿ. ವಯಸ್ಸಲ್ಲ, ಎತ್ತರವೇ ಟಿಕೆಟ್. 85 ಸೆಂಟಿಮೀಟರ್ ಒಳಗಿನ ಮಗುವಿಗೆ ಟಿಕೆಟ್ ಇಲ್ಲ, 85ರಿಂದ 140 ಮಕ್ಕಳ ಟಿಕೆಟ್, ಅದಕ್ಕಿಂತ ಮೇಲೆ ದೊಡ್ಡವರದ್ದು. ನಿಮ್ಮ 11 ವರ್ಷದ ಹುಡುಗ ಸರಿಯಾಗಿ ಗೆರೆ ಮೇಲೆ ಇರೋ ವಯಸ್ಸು. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ಚಪ್ಪಟೆ ಪುಸ್ತಕ ಇಟ್ಟು ಪೆನ್ಸಿಲ್ ಗೆರೆ ಹಾಕಿ ಟೇಪಿನಲ್ಲಿ ಅಳೆಯಿರಿ.

ಇದು ದುಡ್ಡಿನ ವಿಷಯ ಮಾತ್ರ ಅಲ್ಲ. ಪ್ರತಿ ಆಟದ ಬಾಗಿಲಲ್ಲೂ ಕನಿಷ್ಠ ಎತ್ತರದ ಬೋರ್ಡ್ ಇರುತ್ತೆ, ಅಲ್ಲೇ ನಿಲ್ಲಿಸಿ ನೋಡ್ತಾರೆ. ಅರ್ಧ ಗಂಟೆ ಸಾಲಲ್ಲಿ ನಿಂತು ಕೊನೆಗೆ ಮಗುವನ್ನ ವಾಪಸ್ ಕಳಿಸಿದ್ರೆ ಅದರ ಅಳು ಇಡೀ ದಿನ ಹೋಗಲ್ಲ. ಸಾಲಿಗೆ ಸೇರೋ ಮೊದಲೇ ಬೋರ್ಡ್ ಓದಿ.

ಗೇರು ಬದಲಿಸಿ
ಎತ್ತರ ಸಾಲದಿದ್ರೆ ಸ್ವಲ್ಪ ದಪ್ಪ ಸೋಲಿನ ಶೂ ಹಾಕಿಸಿದ್ರೆ ಆಯ್ತು ಅಂತ ಕೆಲವರು ಹೇಳ್ತಾರಲ್ಲ.

ಫಿಸಿಕ್ಸ್ ಮೇಷ್ಟ್ರು
ದಯವಿಟ್ಟು ಆ ಮಾತು ಇಲ್ಲಿ ಬೇಡ ಸಾರ್. ಎತ್ತರದ ನಿಯಮ ಇರೋದು ಭುಜದ ಮೇಲಿಂದ ಬರೋ ಲಾಕ್ ಸರಿಯಾದ ಜಾಗದಲ್ಲಿ ಕೂರಬೇಕು ಅಂತ. ಚಿಕ್ಕ ಮೈಗೆ ಲಾಕ್‌ಗೂ ಭುಜಕ್ಕೂ ನಡುವೆ ಸಂದು ಉಳಿಯುತ್ತೆ. ತಲೆಕೆಳಗಾದಾಗ ಮೈ ಆ ಸಂದಿನಷ್ಟು ಜಾರುತ್ತೆ. ಶೂ ಮಗುವನ್ನ ಎತ್ತರ ಮಾಡುತ್ತೆ, ಬೆನ್ನನ್ನ ಉದ್ದ ಮಾಡಲ್ಲ.

ಗೇರು ಬದಲಿಸಿ
ಸರಿ ಮೇಷ್ಟ್ರೆ, ಒಪ್ಪಿದೆ. ಹಾಗೆ ಯೋಚಿಸಿರಲಿಲ್ಲ.

ಲಿಂಬು ಪಾನಕ
ಡ್ರೈ ಮೊದಲು. ಎರಡು ಮಾತಿಲ್ಲ.

ಹೇಮಾವತಿ ದಂಡೆ
ಎರಡು ಮಾತಿದೆ 🙂 ವಾಟರ್ ಮೊದಲು ಮಾಡಿದ್ರೆ ಮಕ್ಕಳಿಗೆ ಖುಷಿ, ಸಂಜೆ ಒಣಗಿದ ಬಟ್ಟೆಯಲ್ಲಿ ಆರಾಮಾಗಿ ಡ್ರೈ ಆಡ್ಕೊಂಡು ಹೊರಗೆ ಬರಬಹುದು. ಡ್ರೈ ಮೊದಲು ಅನ್ನೋರೆಲ್ಲ ಬೆಳಿಗ್ಗೆ ಅಲ್ಲೇ ಸೇರ್ತಾರೆ, ರಶ್ಶೂ ಅಲ್ಲೇ.

ಲಿಂಬು ಪಾನಕ
ಸರಿ, ಕಾರಣ ಕೊಡ್ತೀನಿ.

ಒಂದು, ಎಲ್ಲಾ ಸಾಲೂ ಒಂದೇ ವೇಗದಲ್ಲಿ ಸರಿಯಲ್ಲ. ವೇವ್ ಪೂಲ್‌ಗೆ ಸಾಲೇ ಇಲ್ಲ, ಎಷ್ಟು ಜನ ಬಂದ್ರೂ ಒಳಗೆ ಹಿಡಿಸುತ್ತೆ. ಲೇಜಿ ರಿವರ್ ಅಂದ್ರೆ ನಿಧಾನ ಹರಿಯೋ ಕಾಲುವೆ, ಅದರಲ್ಲಿ ಟ್ಯೂಬ್ ಸುತ್ತುತ್ತಾ ಇರುತ್ತೆ. ಆದ್ರೆ ರಿಕಾಯಿಲ್ ತರದ ದೊಡ್ಡ ರೋಲರ್ ಕೋಸ್ಟರ್‌ಗೆ ಒಂದೇ ರೈಲು. ಅದರ ಸಾಲು ಮಧ್ಯಾಹ್ನಕ್ಕೆ ಬೆಳೆದ್ರೆ ಬೆಳೀತಾನೇ ಇರುತ್ತೆ. ನಿಧಾನವಾಗಿ ಸರಿಯೋ ಸಾಲನ್ನ ಅದು ಹುಟ್ಟೋ ಮೊದಲೇ ಹಿಡೀಬೇಕು.

ಎರಡು, ಬಿಡದಿ ಕಡೆ ಏಪ್ರಿಲ್-ಮೇ ತಿಂಗಳಲ್ಲೂ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೂ ಸಂಜೆ ಗುಡುಗು ಮಳೆ. ಸಿಡಿಲಿದ್ರೆ ಎತ್ತರದ ಆಟ ನಿಲ್ಲಿಸ್ತಾರೆ. ಸಂಜೆಗೆ ಅಂತ ಇಟ್ಕೊಂಡಿದ್ದೆಲ್ಲ ಹೋಯ್ತು.

ಮೂರು, ನೀರಿನ ವಿಭಾಗ ಡ್ರೈಗಿಂತ ಬೇಗ ಮುಚ್ಚುತ್ತೆ ನಿಜ, ಹಾಗಂತ ಬೆಳಿಗ್ಗೆಯೇ ಇಳೀಬೇಕಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಬಿಸಿಲು ಏರಿರೋ ಹೊತ್ತು, ನೀರೂ ಅಷ್ಟು ತಣ್ಣಗಿರಲ್ಲ. ಆ ದಿನದ ಸಮಯ ಗೇಟಿನ ಹತ್ತಿರದ ಬೋರ್ಡಲ್ಲಿ ನೋಡಿ ಹಿಂದಿನಿಂದ ಲೆಕ್ಕ ಹಾಕ್ಕೊಳ್ಳಿ.

ಹೇಮಾವತಿ ದಂಡೆ
ಮೊದಲನೇ ಕಾರಣ ಒಪ್ಪುವಂಥದ್ದು. ಆದ್ರೂ ಆರು ವರ್ಷದ ಮಗುವಿಗೆ ರಿಕಾಯಿಲ್ ಹೇಗೂ ಇಲ್ಲ. ಅವಳು ಯಾಕೆ ಕಾಯ್ಬೇಕು? ಒಬ್ಬ ದೊಡ್ಡವರು ಅವಳನ್ನ ಮಕ್ಕಳ ಆಟದ ಕಡೆ ಕರ್ಕೊಂಡು ಹೋಗಲಿ, ಮಿಕ್ಕವರು ದೊಡ್ಡ ಆಟ. 12:30ಕ್ಕೆ ಊಟದ ಜಾಗದಲ್ಲಿ ಎಲ್ಲರೂ ಸೇರಲಿ.

ಲಿಂಬು ಪಾನಕ
ಹ್ಞೂಂ, ಅದೇ ಸರಿ. ಸೇರೋ ಜಾಗ ಮಾತ್ರ ಮೊದಲೇ ನಿಗದಿ ಮಾಡಿ. "ಊಟದ ಹತ್ತಿರ" ಅಂದ್ರೆ ಸಾಲದು, ಹೋಟೆಲ್ ಒಂದಕ್ಕಿಂತ ಹೆಚ್ಚು ಇವೆ. ಫೋನ್ ಲಾಕರ್‌ನಲ್ಲಿ ಇರುತ್ತೆ ಅನ್ನೋದು ನೆನಪಿರಲಿ. ಒಬ್ಬೊಬ್ಬ ದೊಡ್ಡವರ ಕೈಯಲ್ಲೂ ಅಗ್ಗದ ನೀರು ಹೋಗದ ವಾಚ್ ಇರಲಿ.

ಸಾಲಗಾಮೆ ರಸ್ತೆ
ರಿಕಾಯಿಲ್ ಅಂದ್ರೆ ಹಿಂದಕ್ಕೆ ಹೋಗೋದಾ? ಯಾವ ಸೀಟು ಒಳ್ಳೇದು ಅಂತ ಮಗ ಕೇಳ್ತಿದಾನೆ.

ಫಿಸಿಕ್ಸ್ ಮೇಷ್ಟ್ರು
ಹೌದು. ರೈಲನ್ನ ಮೊದಲು ಹಿಮ್ಮುಖವಾಗಿ ಎತ್ತರಕ್ಕೆ ಎಳೀತಾರೆ. ಬಿಟ್ಟ ತಕ್ಷಣ ಮುಂದಕ್ಕೆ ಬೀಳುತ್ತೆ, ಮೂರು ಸಲ ತಲೆಕೆಳಗಾಗಿ ಆ ಕಡೆಯ ಏರು ಹತ್ತುತ್ತೆ. ಅಲ್ಲಿ ಮತ್ತೆ ತುದಿಗೆ ಎಳೆದು ಬಿಡ್ತಾರೆ. ಈಗ ಅದೇ ಹಳಿಯಲ್ಲಿ ಹಿಂದಕ್ಕೆ, ಮತ್ತೆ ಮೂರು ಸಲ ತಲೆಕೆಳಗು. ಒಟ್ಟು ಆರು.

ಹೋದ ಹಳಿಯಲ್ಲೇ ವಾಪಸ್ ಬರೋದ್ರಿಂದ ಎರಡನೇ ರೈಲು ಓಡಿಸೋ ಹಾಗೇ ಇಲ್ಲ. ಈ ಮಾದರಿಯ ರೈಲಲ್ಲಿ 28 ಸೀಟು. ಹತ್ತಿಸಿ, ಲಾಕ್ ನೋಡಿ, ಓಡಿಸಿ, ಇಳಿಸಿ ಅಂದ್ರೆ ನಾಲ್ಕು ನಿಮಿಷ ಅಂತ ಇಟ್ಕೊಳ್ಳಿ. ನಿಮ್ಮ ಮುಂದೆ ಸುಮಾರು 200 ತಲೆ ಇದ್ರೆ ಏಳೆಂಟು ಸುತ್ತು, ಅರ್ಧ ಗಂಟೆ. ಯಾವ ಸಾಲಿಗೂ ಇದೇ ಲೆಕ್ಕ ಹಾಕಬಹುದು: ಮುಂದಿರೋ ತಲೆ ಎಣಿಸಿ, ಒಂದು ಸುತ್ತಿಗೆ ಎಷ್ಟು ಜನ ಹೋಗ್ತಾರೆ ಅನ್ನೋದ್ರಿಂದ ಭಾಗಿಸಿ, ಒಂದು ಸುತ್ತಿನ ನಿಮಿಷದಿಂದ ಗುಣಿಸಿ.

ಸೀಟು: ಮೊದಲ ಬೀಳು ಜೋರಾಗಿ ಬೇಕಾದ್ರೆ ಕೊನೇ ಸಾಲು, ಯಾಕಂದ್ರೆ ಹಿಮ್ಮುಖ ಎಳೆದಾಗ ಅದೇ ಎಲ್ಲಕ್ಕಿಂತ ಮೇಲೆ ಇರುತ್ತೆ. ಎರಡನೇ ಬೀಳಿಗೆ ಮುಂದಿನ ಸಾಲು ಎತ್ತರದಲ್ಲಿ. ಮೊದಲ ಸಲದವರಿಗೆ ನಡುವಿನ ಸಾಲು ಸಾಕು.

ತಲೆಯನ್ನ ಹಿಂದಿನ ದಿಂಬಿಗೆ ಒತ್ತಿ ಇಟ್ಕೋಬೇಕು. ಇಲ್ಲದಿದ್ರೆ ತಿರುವಿನಲ್ಲಿ ಕಿವಿ ಎರಡೂ ಕಡೆಯ ಲಾಕ್‌ಗೆ ಬಡೀತದೆ.

ಕಾಫಿ ಹೂವು
ಅದಕ್ಕೇ ಓಲೆ, ಜುಮುಕಿ, ಮೂಗುತಿ ಮನೆಯಲ್ಲೇ ಬಿಡಿ. ಸರ, ಬಳೆ ಸಮೇತ. ಚಿನ್ನ ಲಾಕರ್‌ನಲ್ಲಿ ಇಟ್ಟು ಇಡೀ ದಿನ ಅದರದ್ದೇ ಯೋಚನೆ ಮಾಡೋದಕ್ಕಿಂತ ಅದು ಹಾಸನದಲ್ಲೇ ಇರಲಿ. ತಾಳಿ ಬಿಚ್ಚಲ್ಲ ಅನ್ನೋರು ಚಿಕ್ಕದಾಗಿ ಸುತ್ತಿ ಬಟ್ಟೆ ಒಳಗೆ ಪಿನ್ ಹಾಕದೆ ಸಿಕ್ಕಿಸಿಕೊಳ್ಳಿ. ಪಿನ್ ಬಿಚ್ಚಿಕೊಂಡ್ರೆ ಚುಚ್ಚುತ್ತೆ. ಕೂದಲು ಎತ್ತಿ ಗಟ್ಟಿ ಗಂಟು. ಕನ್ನಡಕಕ್ಕೆ ಹಿಂದಿನಿಂದ ಕಟ್ಟೋ ದಾರ ಸಿಗುತ್ತೆ, ಆದ್ರೂ ತಲೆಕೆಳಗಾಗೋ ಆಟಕ್ಕೆ ಕನ್ನಡಕ ತೆಗೆಯೋದೇ ಸರಿ.

ಇನ್ನು ಬಟ್ಟೆ. ನೀರಿಗೆ ನೈಲಾನ್, ಪಾಲಿಯೆಸ್ಟರ್, ಲೈಕ್ರಾ. ಕಾಟನ್ ಬಿಡಲ್ಲ. ಇದಕ್ಕೆ ಕಾರಣ ಇದೆ: ಕಾಟನ್‌ನಿಂದ ನೂಲು ಬಿಟ್ಕೊಂಡು ನೀರು ಸೋಸೋ ಫಿಲ್ಟರ್‌ಗೆ ಸೇರುತ್ತೆ, ಮತ್ತೆ ಒದ್ದೆಯಾದ ಕಾಟನ್ ಭಾರವಾಗಿ ಮೈಗೆ ಅಂಟಿ ಸ್ಲೈಡ್‌ನಲ್ಲಿ ನಡುವೆ ನಿಲ್ಲಿಸಿಬಿಡುತ್ತೆ. ಜಿಪ್, ಲೋಹದ ಗುಂಡಿ ಇರೋ ಪ್ಯಾಂಟೂ ಬೇಡ, ಸ್ಲೈಡಿನ ಮೈ ಗೀರುತ್ತೆ. ಸೀರೆ, ಚೂಡಿದಾರ್, ದುಪಟ್ಟಾ ನೀರಿಗಿಳಿಯೋಕೆ ಆಗಲ್ಲ. ಮೈ ಮುಚ್ಚಿರಬೇಕು ಅನ್ನೋರಿಗೆ ಉದ್ದ ತೋಳಿನ ನೈಲಾನ್ ಟೀ-ಶರ್ಟು, ಮೊಣಕಾಲು ದಾಟೋ ಲೆಗ್ಗಿಂಗ್ಸ್ ಇರೋ ಈಜುಡುಗೆ ಹಾಸನದ ಸ್ಪೋರ್ಟ್ಸ್ ಅಂಗಡಿಯಲ್ಲೇ ವಿಚಾರಿಸಿ. ಹೊರಡೋ ಹಿಂದಿನ ವಾರವೇ ತಗೊಳ್ಳಿ, ಪಾರ್ಕ್‌ನಲ್ಲೇ ಕೊಂಡರಾಯ್ತು ಅಂದ್ರೆ ಏಳು ಜನಕ್ಕೆ ದುಬಾರಿ.

ಸಾಲಗಾಮೆ ರಸ್ತೆ
ಅಕ್ಕಾ, ಇದು ಗೊತ್ತೇ ಇರಲಿಲ್ಲ. ಎಲ್ಲರಿಗೂ ಕಾಟನ್ ಬರ್ಮುಡಾನೇ ತೆಗೆದಿಟ್ಟಿದ್ದೆ.

ಔಷಧ ಅಂಗಡಿ
ತಲೆಸುತ್ತು, ವಾಂತಿ ಬಗ್ಗೆ. ಘಾಟಿ ದಾರಿಯಲ್ಲಿ ಓಡಾಡೋ ನಮ್ಮ ಕಡೆಯವರಿಗೆ ಅವೋಮಿನ್ ಪರಿಚಯ. ಅದು ವಾಂತಿ ಶುರುವಾದ ಮೇಲೆ ನುಂಗೋ ಮಾತ್ರೆ ಅಲ್ಲ, ಒಂದು ಗಂಟೆ ಮೊದಲೇ ತಗೋಬೇಕು. ನಿದ್ದೆ ಬರಿಸುತ್ತೆ, ಹಾಗಾಗಿ ಗಾಡಿ ಓಡಿಸೋರು ಮುಟ್ಟಲೇಬಾರದು. ಮಕ್ಕಳಿಗೆ, ಬಿಪಿ-ಹೃದಯದ ಮಾತ್ರೆ ತಗೊಳೋರಿಗೆ ಡಾಕ್ಟರನ್ನ ಕೇಳಿಯೇ.

ತಲೆಸುತ್ತು ಬರೋದು ಕಣ್ಣು ಒಂದು ಹೇಳಿ, ಒಳಗಿವಿಯ ದ್ರವ ಇನ್ನೊಂದು ಹೇಳೋದ್ರಿಂದ. ಗಿರಗಿರ ಸುತ್ತೋ ಆಟಗಳು ಕೋಸ್ಟರ್‌ಗಿಂತ ಹೆಚ್ಚು ತೊಂದರೆ ಕೊಡ್ತವೆ. ಎರಡು ಸುತ್ತೋ ಆಟ ಬೆನ್ನು ಬೆನ್ನಿಗೆ ಆಡಬೇಡಿ, ನಡುವೆ ಹತ್ತು ನಿಮಿಷ ನೆರಳಲ್ಲಿ ಕೂತು ದೂರದ ಒಂದು ಕಂಬ ನೋಡ್ತಾ ಇರಿ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯೋ ಹಾಗೂ ಬೇಡ.

ಗರ್ಭಿಣಿಯರು, ಹೃದಯದ ತೊಂದರೆ ಇರೋರು, ಕತ್ತು-ಬೆನ್ನಿನ ಡಿಸ್ಕ್ ನೋವಿರೋರು, ಇತ್ತೀಚೆಗೆ ಆಪರೇಷನ್ ಆದವರು ದೊಡ್ಡ ಆಟ ಹತ್ತಬಾರದು. "ಒಂದು ಸಲ ಏನಾಗಲ್ಲ" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಕಡೂರು ಕೊಬ್ಬರಿ
ತಿಂಡಿ ಅಂದ್ಮೇಲೆ ಬಿಡದಿ ತಟ್ಟೆ ಇಡ್ಲಿ ಬಿಟ್ಟು ಬೇರೆ ಮಾತೇ ಇಲ್ಲ. ಬೆಣ್ಣೆ ಹಾಕ್ಸ್ಕೊಂಡು ಮೂರು.

ಔಷಧ ಅಂಗಡಿ
ಒಂದು ತಟ್ಟೆ ಇಡ್ಲಿ ಮನೆಯ ಎರಡು ಮೂರು ಇಡ್ಲಿಗೆ ಸಮ. ಮೂರು ತಿಂದು ತಲೆಕೆಳಗಾಗೋದು ಬೇಡ ಸ್ವಾಮಿ. ಒಂದು ತಿನ್ನಿ, ಚಟ್ನಿ ಕಡಿಮೆ.

ಹೇಮಾವತಿ ದಂಡೆ
ವಾಪಸ್ ಬರುವಾಗ ಮೂರು ತಿನ್ನಲಿ ಬಿಡಿ.

ಕಡೂರು ಕೊಬ್ಬರಿ
ಸಂಜೆಗೆ ಬೆಳಗಿನ ರುಚಿ ಇರಲ್ಲ. ಹಬೆಯಿಂದ ಇಳಿಸಿದ ತಕ್ಷಣ ತಿನ್ನಬೇಕು, ತಟ್ಟೆಯಲ್ಲಿ ಆರಿದ್ರೆ ಗಟ್ಟಿ. ಈ ವಿಷಯದಲ್ಲಿ ನಾನು ಸೋಲಲ್ಲ.

ಸಾಲಗಾಮೆ ರಸ್ತೆ
🙏 ತಟ್ಟೆ ಇಡ್ಲಿ ಖಾತ್ರಿ. ಮಧ್ಯಾಹ್ನಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಕೊಂಡು ಹೋಗ್ಬಹುದಾ?

ಕಾಫಿ ಹೂವು
ಹೊರಗಿನ ಊಟ ಒಳಗೆ ಬಿಡಲ್ಲ. ಚಿಕ್ಕ ಮಗುವಿನ ಆಹಾರ, ಔಷಧಿಗೆ ತೊಂದರೆ ಇಲ್ಲ. ಗಾಡಿಯಲ್ಲಿ ಇಟ್ಟು ಹೊರಗೆ ಬಂದು ತಿನ್ನೋಣ ಅನ್ನೋ ಯೋಚನೆ ಬಿಡಿ, ಹೊರಗೆ ಬಂದ್ರೆ ಆ ದಿನದ ಆಟ ಮುಗೀತು ಅಂತಲೇ ಲೆಕ್ಕ ಹಾಕಿ. ಬಿಸಿಲಲ್ಲಿ ಗಾಡಿಯೊಳಗೆ ಇಟ್ಟ ಮೊಸರನ್ನ ಸಂಜೆಗೆ ತಿನ್ನೋ ಹಾಗೂ ಇರಲ್ಲ. ವಾಪಸ್ ದಾರಿಗೆ ಬೇಕಾದ್ರೆ ಚಕ್ಕುಲಿ, ಕೋಡುಬಳೆ, ಬಾಳೆಹಣ್ಣು ಇರಲಿ.

ಒಳಗಿನ ಊಟಕ್ಕೆ 12:15ಕ್ಕೇ ಹೋಗಿ. ಒಂದು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಹಸಿವಾಗುತ್ತೆ. ಊಟ ಆದ ಮೇಲೆ ನೇರ ಸ್ಲೈಡ್ ಬೇಡ. ಅರ್ಧ ಗಂಟೆ ಲೇಜಿ ರಿವರ್‌ನಲ್ಲಿ ತೇಲಿ.

ಹೊಯ್ಸಳ ಗೋಪುರ
ಫಾಸ್ಟ್‌ಟ್ರ್ಯಾಕ್ ಬಗ್ಗೆ ಯಾರೂ ಹೇಳ್ಲಿಲ್ಲ.

ನಿಮ್ಮ ಗುಂಪಿಗೆ ಏಳಕ್ಕೆ ಏಳು ಫಾಸ್ಟ್‌ಟ್ರ್ಯಾಕ್ ದಂಡ. ಅಮ್ಮ ಮತ್ತು ಚಿಕ್ಕ ಹುಡುಗಿ ಆಡೋ ಆಟಕ್ಕೆ ಸಾಲೇ ಚಿಕ್ಕದು. ಮಂಗಳವಾರ-ಬುಧವಾರ ಹೋಗಿ, ಅಷ್ಟೇ ಫಾಸ್ಟ್‌ಟ್ರ್ಯಾಕ್ ಇದ್ದ ಹಾಗೆ. ವಾರದ ದಿನದ ಟಿಕೆಟ್ ದರವೂ ಶನಿ-ಭಾನುವಾರಕ್ಕಿಂತ ಕಡಿಮೆ. ಆನ್‌ಲೈನ್‌ನಲ್ಲಿ ದಿನಾಂಕ ಹಾಕಿ ಎರಡು ಮೂರು ದಿನ ಹೋಲಿಸಿ ನೋಡಿ. ಅಮ್ಮನಿಗೆ 60 ದಾಟಿರೋದ್ರಿಂದ ಹಿರಿಯ ನಾಗರಿಕರ ದರ ಇದೆ, ಆಧಾರ್ ಮೂಲಪ್ರತಿ ಜೊತೆಗಿರಲಿ. ಕಾಲೇಜು ಮಕ್ಕಳಿದ್ರೆ ಅವರ ಐಡಿ ಕಾರ್ಡೂ.

ಫಾಸ್ಟ್‌ಟ್ರ್ಯಾಕ್‌ಗೆ ಬೆಲೆ ಸಿಗೋದು ಭಾನುವಾರ, ಬೇಸಿಗೆ ರಜೆ, ದಸರಾ ರಜೆ, ಡಿಸೆಂಬರ್ ಕೊನೆಯಲ್ಲಿ ಹೋಗಲೇಬೇಕಾದವರಿಗೆ.

ಮುಳ್ಳಯ್ಯನಗಿರಿ ಮಂಜು
ವಾರದ ದಿನ ಅಂದ್ರೂ ನವೆಂಬರ್-ಡಿಸೆಂಬರ್ ಬೇರೆ. ಶಾಲಾ ಪ್ರವಾಸದ ಕಾಲ. ಬುಧವಾರವೇ ಆದ್ರೂ ಸಾಲುಸಾಲು ಕೆಂಪು ಬಸ್ ನಿಂತಿರ್ತವೆ. ಶಾಲೆ ಶುರುವಾದ ಮೇಲಿನ ಜೂನ್ ಕೊನೆ, ಜುಲೈ ವಾರದ ದಿನಗಳು ಎಲ್ಲಕ್ಕಿಂತ ಖಾಲಿ.

ಹೇಮಾವತಿ ದಂಡೆ
ಜುಲೈನಲ್ಲಿ ಮಳೆ?

ಮುಳ್ಳಯ್ಯನಗಿರಿ ಮಂಜು
ಜುಲೈ ಅಂದ ತಕ್ಷಣ ನಮಗೆ ಕೊಟ್ಟಿಗೆಹಾರ, ಸಕಲೇಶಪುರದ ಮಳೆ ಕಣ್ಣಿಗೆ ಬರುತ್ತೆ. ಬಿಡದಿ ಬಯಲುಸೀಮೆ. ಅಲ್ಲಿ ಜುಲೈ ಅಂದ್ರೆ ಮೋಡ, ತುಂತುರು, ಗಾಳಿ. ಬಿಸಿಲಿಲ್ಲದೆ ನಡೆಯೋಕೆ ಹಿತ. ನೀರಿಂದ ಎದ್ದಾಗ ಮಾತ್ರ ಚಳಿ, ಒಂದೊಂದು ಟವೆಲ್ ಜಾಸ್ತಿ ಇರಲಿ.

ಫಿಸಿಕ್ಸ್ ಮೇಷ್ಟ್ರು
ಚಳಿ ಆದಾಗ ರೇನ್ ಡಿಸ್ಕೋಗೆ ಹೋಗಿ, ಅಲ್ಲಿ ಮೇಲಿಂದ ಬೀಳೋದು ಬೆಚ್ಚಗಿನ ನೀರು. ಒಳಗೆ ಕತ್ತಲೆ, ಬಣ್ಣದ ದೀಪ, ಹಾಡು. ಹೋಗೋ ಮುನ್ನ ಮಕ್ಕಳ ಕೈ ಹಿಡ್ಕೊಳ್ಳಿ, ಕತ್ತಲೆಯಲ್ಲಿ ನೆಲ ಜಾರುತ್ತೆ.

ಅರಸೀಕೆರೆ ಜಂಕ್ಷನ್
ಗಾಡಿ ಇಲ್ಲದವರಿಗೆ ಬಸ್ಸು-ಮೆಟ್ರೋ ದಾರಿ ಬರೀತೀನಿ, ಇಲ್ಲಿ ಯಾರಿಗಾದ್ರೂ ಬೇಕಾಗುತ್ತೆ.

ಹಾಸನದಿಂದ ಬೆಂಗಳೂರು ಬಸ್ ಹತ್ತಿ ಮೆಜೆಸ್ಟಿಕ್ ತನಕ ಕೂರಬೇಡಿ. ತುಮಕೂರು ರಸ್ತೆಯಲ್ಲಿ ಮಾದಾವರ ಅಥವಾ ನಾಗಸಂದ್ರದಲ್ಲಿ ಇಳಿಸ್ತಾರಾ ಅಂತ ಹತ್ತುವಾಗಲೇ ಕಂಡಕ್ಟರ್ ಕೇಳಿ. ಮೆಟ್ರೋದ ಹಸಿರು ಮಾರ್ಗ 2024ರ ನವೆಂಬರ್‌ನಿಂದ ಮಾದಾವರದ ತನಕ ಬಂದಿದೆ. ಅಲ್ಲಿಂದ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಚಲ್ಲಘಟ್ಟ ಕಡೆಯ ರೈಲು. ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣದಲ್ಲಿ ಇಳಿದು ಬಿಡದಿ ಕಡೆಯ ಬಸ್. ಹೆದ್ದಾರಿಯಿಂದ ಪಾರ್ಕ್ ಒಳಗಿದೆ, ಆಟೋ ಹಿಡೀಬೇಕು.

ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಕೆಂಪು ಬಸ್ ಉಚಿತ, ರಾಜಹಂಸ-ಐರಾವತಕ್ಕೆ ಅಲ್ಲ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು. ಮೆಟ್ರೋಗೆ ಎಲ್ಲರಿಗೂ ಟಿಕೆಟ್.

ರೈಲು ಇಷ್ಟಪಡೋರಿಗೆ: ಶ್ರವಣಬೆಳಗೊಳ-ಕುಣಿಗಲ್ ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಹಾಸನದಿಂದ ಯಶವಂತಪುರಕ್ಕೆ ನೇರ. ಕರಾವಳಿ ಕಡೆಯಿಂದ ಬರೋ ರಾತ್ರಿ ರೈಲು ಹಿಡಿದ್ರೆ ಬೆಳಿಗ್ಗೆ ಯಶವಂತಪುರ, ಅಲ್ಲೇ ಪಕ್ಕದಲ್ಲಿ ಹಸಿರು ಮಾರ್ಗದ ಮೆಟ್ರೋ. ರಾತ್ರಿ ನಿದ್ದೆ ರೈಲಲ್ಲಿ ಆಗುತ್ತೆ. ಗಾಡಿಗಿಂತ ಇದು ಸುರಕ್ಷಿತ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಗೇರು ಬದಲಿಸಿ
ಹುಡುಗರ ಗುಂಪಿಗೆ ಸರಿ. 67 ವರ್ಷದ ಅಮ್ಮನ್ನ ನಡುರಾತ್ರಿ ರೈಲು, ಆಮೇಲೆ ಎರಡು ಮೆಟ್ರೋ, ಒಂದು ಬಸ್, ಒಂದು ಆಟೋ ಹತ್ತಿಸಿದ್ರೆ ಗೇಟು ನೋಡೋ ಹೊತ್ತಿಗೆ ಅವರಿಗೆ ಸಾಕಾಗಿರುತ್ತೆ.

ಬೈಕ್‌ನಲ್ಲಿ ಹೋಗೋ ಹುಡುಗರು ಗಮನಿಸಿ: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಮುಖ್ಯ ಲೇನಿಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಬಿಡಲ್ಲ. ಸರ್ವಿಸ್ ರಸ್ತೆಯೇ.

ಲಿಂಬು ಪಾನಕ
ಅಮ್ಮನ ಬಗ್ಗೆ: ಸ್ಕೈ ವೀಲ್ ಖಂಡಿತ ಹತ್ತಿಸಿ. ಎತ್ತರದ ಗೋಪುರದ ಮೇಲೆ ಕೂತಿರೋ ಜೈಂಟ್ ವೀಲ್ ಅದು, ಮೇಲಕ್ಕೆ ಲಿಫ್ಟ್ ಇದೆ, ನಿಧಾನ ಸುತ್ತುತ್ತೆ. ಸಂಜೆ ಐದರ ಮೇಲೆ ಬಿಸಿಲು ಇಳಿದಾಗ ಚೆಂದ. ಲೇಜಿ ರಿವರ್ ಕೂಡ ಆಗುತ್ತೆ, ಆದ್ರೆ ಟ್ಯೂಬ್‌ಗೆ ಹತ್ತೋವಾಗ ಇಳಿಯೋವಾಗ ಇಬ್ಬರು ಹಿಡ್ಕೊಳ್ಳಿ. ಮೊಣಕಾಲು ನೋವಿದ್ರೆ ಆ ಕ್ಷಣವೇ ಕಷ್ಟ, ತೇಲೋದಲ್ಲ. ನೀರಿಗಿಳಿಯೋಕೆ ಅವರಿಗೂ ನೈಲಾನ್ ಉಡುಗೆಯೇ ಬೇಕು, ಇದನ್ನ ಮನೆಯಲ್ಲೇ ಕೇಳಿ ಒಪ್ಪಿಸಿ. ಒಪ್ಪದಿದ್ರೆ ಬಲವಂತ ಬೇಡ.

ಹೊಯ್ಸಳ ಗೋಪುರ
ಮೊದಲ ಸಲಕ್ಕೆ ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಯಾಕೆ ಬೇಡ? ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋದ್ರೆ ದಾರಿ ಸುಮಾರು 120 ಕಿಲೋಮೀಟರ್, ಆರೂವರೆಗೆ ಹೊರಟ್ರೂ ಸಾಕು. ಜಾಗ ಚಿಕ್ಕದು, ಮಕ್ಕಳು ತಪ್ಪಿಸಿಕೊಳ್ಳಲ್ಲ.

ಲಿಂಬು ಪಾನಕ
ಆರು ವರ್ಷದವಳು ಒಬ್ಬಳೇ ಆಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. 11 ವರ್ಷದ ಹುಡುಗ ದೊಡ್ಡ ಕೋಸ್ಟರ್ ಪಟ್ಟಿ ಹಾಕಿ ಕೂತಿದಾನೆ, ಅವನಿಗೆ ಅಲ್ಲಿ ಸಾಲದು.

ಕಡೂರು ಕೊಬ್ಬರಿ
ಇಷ್ಟೆಲ್ಲ ದೂರ ಹೋಗೋ ಬದಲು ಹಾಸನ-ಚಿಕ್ಕಮಗಳೂರು ನಡುವೆಯೇ ಒಂದು ಪಾರ್ಕ್ ಆಗ್ಬೇಕು. ಬೇಲೂರು-ಹಳೇಬೀಡಿಗೆ ಬರೋ ಜನ ಸಾಲದಾ?

ಅರಸೀಕೆರೆ ಜಂಕ್ಷನ್
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಅವರ ಪ್ರಶ್ನೆ ಮುಗೀಲಿ.

ಕಾಫಿ ಹೂವು
ನೀರಿನ ಬಗ್ಗೆ ಕೆಲವು ಸಣ್ಣ ವಿಷಯ, ಯಾರೂ ಹೇಳಿಕೊಡಲ್ಲ.

ಕೊಳಕ್ಕೆ ಇಳಿಯೋ ಮೊದಲು ಷವರ್‌ನಲ್ಲಿ ತಲೆ ಪೂರ್ತಿ ಒದ್ದೆ ಮಾಡಿ. ಮೊದಲೇ ಒಳ್ಳೇ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನ ಕಡಿಮೆ ಹೀರುತ್ತೆ. ಎಣ್ಣೆ ಹಚ್ಚಿ ಇಳಿಯಬೇಡಿ, ಅದು ನೀರಲ್ಲಿ ತೇಲಿ ಎಲ್ಲರ ಮೈಗೂ ಹತ್ತುತ್ತೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ, ಕಣ್ಣಿನ ಸೋಂಕಿಗೆ ದಾರಿ. ಗಾಯ, ಹೊಸ ಹಚ್ಚೆ ಇದ್ರೆ ನೀರು ಬೇಡ. ಸನ್‌ಸ್ಕ್ರೀನ್ ಇಳಿಯೋಕೆ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ. ಮಕ್ಕಳ ಕಿವಿ ತುದಿ, ಕತ್ತಿನ ಹಿಂದೆ ಮರೀಬೇಡಿ. ಮುಟ್ಟಿನ ದಿನ ಬಂದ್ರೆ ಪ್ಯಾಡ್ ಹಾಕ್ಕೊಂಡು ಇಳಿಯೋಕಾಗಲ್ಲ, ನೀರು ಹೀರಿ ಜೋತುಬೀಳುತ್ತೆ. ಮೆನ್‌ಸ್ಟ್ರುಯಲ್ ಕಪ್ ಅಭ್ಯಾಸ ಇರೋರಿಗೆ ಸರಿ, ಇಲ್ಲದವರು ದಿನಾಂಕವನ್ನ ಅದಕ್ಕೆ ಹೊಂದಿಸಿ ಬುಕ್ ಮಾಡಿ.

ಸ್ಲೈಡ್‌ನಲ್ಲಿ ಪೂರ್ತಿ ಮಲಗಬೇಕು, ಹಿಮ್ಮಡಿ ಒಂದರ ಮೇಲೊಂದು, ಕೈ ಎದೆ ಮೇಲೆ. ಭಯದಲ್ಲಿ ಎದ್ದು ಕೂತ್ರೆ ತಿರುವಿನಲ್ಲಿ ಮೊಣಕೈ ಬಡಿಯುತ್ತೆ. ಕೆಳಗೆ ಬಂದ ತಕ್ಷಣ ಪಕ್ಕಕ್ಕೆ ಸರಿಯಿರಿ, ಹಿಂದೆ ಇನ್ನೊಬ್ಬರು ಬರ್ತಿರ್ತಾರೆ. ಅಲೆ ಶುರುವಾದಾಗ ಚಿಕ್ಕವಳು ಅವಳ ಸೊಂಟದ ಮಟ್ಟದ ನೀರಲ್ಲೇ ಇರಲಿ, ಒಬ್ಬರ ಕೈಗೆ ಸಿಗೋ ದೂರದಲ್ಲಿ. ಕಾಯೋ ಗಾರ್ಡ್ ಇದ್ದಾರೆ ಅಂತ ಬೇರೆ ಕಡೆ ನೋಡಬೇಡಿ.

ಗೇರು ಬದಲಿಸಿ
ಕೊನೇದಾಗಿ ವಾಪಸ್ ದಾರಿ, ನನಗೆ ಇದೇ ಮುಖ್ಯ. ಇಡೀ ದಿನ ನೀರಲ್ಲಿ ಆಡಿದ ಮೈಗೆ ಸಂಜೆ ಏಳರ ಮೇಲೆ ನಿದ್ದೆ ತಡೆಯೋಕಾಗಲ್ಲ. ನಿಮ್ಮಲ್ಲಿ ನೀವು, ಭಾವ ಇಬ್ಬರೂ ಗಾಡಿ ಓಡಿಸ್ತೀರಾ? ಹಾಗಿದ್ರೆ ಬೆಳಿಗ್ಗೆ ಒಬ್ಬರು, ರಾತ್ರಿ ಇನ್ನೊಬ್ಬರು. ರಾತ್ರಿ ಓಡಿಸೋರು ಬೆಳಿಗ್ಗೆ ಗಾಡಿಯಲ್ಲಿ ಮಲಗಲಿ, ಮಧ್ಯಾಹ್ನ ಮೂರರಿಂದ ನಾಲ್ಕು ನೀರು ಬಿಟ್ಟು ಅಮ್ಮನ ಜೊತೆ ನೆರಳಲ್ಲಿ ಕಣ್ಣು ಮುಚ್ಚಲಿ. ಐದೂವರೆಗೆ ಹೊರಗೆ ಬನ್ನಿ, ಆರಕ್ಕೆ ಎಲ್ಲರೂ ಒಟ್ಟಿಗೆ ಹೊರಟಾಗ ಪಾರ್ಕಿಂಗ್‌ನಿಂದ ಹೆದ್ದಾರಿ ಸೇರೋಕೇ ಅರ್ಧ ಗಂಟೆ. ನೆಲಮಂಗಲ ದಾಟಿದ ಮೇಲೆ ಕುಣಿಗಲ್ ಅಥವಾ ಯಡಿಯೂರಿನಲ್ಲಿ ಊಟಕ್ಕೆ ಇಳಿದು ಹತ್ತು ನಿಮಿಷ ನಡೆದಾಡಿ. ಕಣ್ಣು ಎಳೀತಿದೆ ಅನಿಸಿದ್ರೆ ಕಾಫಿ ನಂಬಬೇಡಿ, ಬೆಳಕಿರೋ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ 20 ನಿಮಿಷ ಮಲಗಿ.

ಸಾಲಗಾಮೆ ರಸ್ತೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಬ್ಬರೂ ಓಡಿಸ್ತೀವಿ, ಹಾಗೇ ಹಂಚಿಕೊಳ್ತೀವಿ. ಬುಧವಾರ ಅಂತ ಆಯ್ತು. ಮಗನನ್ನ ಗೋಡೆಗೆ ನಿಲ್ಲಿಸಿ ಅಳೆದೆ, 141. ದೊಡ್ಡವರ ಟಿಕೆಟ್ಟೇ. ಅಮ್ಮ ನೀರಿಗೆ ಬರಲ್ಲ, ಸ್ಕೈ ವೀಲ್‌ಗೆ ಬರ್ತಾರಂತೆ. ಲಾಕರ್ ಏಳು ಜನಕ್ಕೆ ಎಷ್ಟು ತಗೋಬೇಕು?

ಕಾಫಿ ಹೂವು
ಎರಡು. ಹೆಂಗಸರದ್ದೊಂದು, ಗಂಡಸರದ್ದೊಂದು, ಯಾಕಂದ್ರೆ ಬಟ್ಟೆ ಬದಲಿಸೋ ಜಾಗ ಬೇರೆ ಬೇರೆ. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್ ನಾಲ್ಕು ತಗೊಂಡು ಹೋಗಿ. ಬೀಗದ ಕೈ ಅಮ್ಮನ ಹತ್ರ ಕೊಡಿ, ನೀರಿಗಿಳಿಯದವರು ಅವರೊಬ್ಬರೇ.